ಕರೆಂಟ್ ಬಿಲ್ಲಿನ ಕಾವು: ಬಾಡಿಗೆ ಫ್ಲ್ಯಾಟಿನಲ್ಲಿ ಬೇಸಿಗೆ ಕಳೆಯುವ ಲೆಕ್ಕಾಚಾರ

ಏಪ್ರಿಲ್ ಕಾಲಿಟ್ಟರೆ ಸಾಕು, ಹೊರನಾಡ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. "ಯಾವ ಎಸಿ ತಗೊಳ್ಳೋದು ಒಳ್ಳೇದು?" ಎನ್ನುವುದು ಮೊದಲನೆಯದು. ತಿಂಗಳೊಪ್ಪತ್ತು ಕಳೆದ ಮೇಲೆ ಬರುವುದು ಎರಡನೆಯದು: "ನಿಮ್ಮನೆ ಕರೆಂಟ್ ಬಿಲ್ ಎಷ್ಟು ಬಂತು?" ಮೊದಲ ಪ್ರಶ್ನೆಗೆ ಹತ್ತು ಜನ ಹತ್ತು ಬ್ರ್ಯಾಂಡ್ ಹೇಳುತ್ತಾರೆ. ಎರಡನೆಯದಕ್ಕೆ ಎಲ್ಲರೂ ತಲೆ ಮೇಲೆ ಕೈ ಹೊತ್ತ ಇಮೋಜಿ ಹಾಕಿ ಸುಮ್ಮನಾಗುತ್ತಾರೆ.

ಬ್ರ್ಯಾಂಡ್ ವಿಚಾರ ಬದಿಗಿರಲಿ. ಮನೆ ತಂಪಾಗಿಡುವುದು ಮತ್ತು ಬಿಲ್ ಇಳಿಸುವುದು ಒಂದಿಷ್ಟು ಹೈಸ್ಕೂಲ್ ಭೌತಶಾಸ್ತ್ರ ಮತ್ತು ಇನ್ನೊಂದಿಷ್ಟು ಗುಣಾಕಾರ, ಭಾಗಾಕಾರದ ಕೆಲಸ. ಎಕ್ಸೆಲ್ ಶೀಟ್ ತೆರೆಯಲು ಬರುವ ಯಾರೂ ಮಾಡಬಹುದು.

ಮೊದಲು ಊರು ನೋಡಿ, ಆಮೇಲೆ ಯಂತ್ರ

ದೆಹಲಿಯ ಗೆಳೆಯ "ಕೂಲರ್ ಸಾಕು ಮಾರಾಯ, ಎಸಿ ಯಾಕೆ" ಎಂದರೆ ಅದು ಅವನ ಊರಿಗೆ ಸತ್ಯ. ಅದನ್ನು ನಂಬಿ ಚೆನ್ನೈಯವರು ಕೂಲರ್ ತಂದರೆ ಕೆಟ್ಟರು.

ಕೂಲರ್ ಕೆಲಸ ಮಾಡುವುದು ನಮ್ಮ ಮನೆಯ ಮಣ್ಣಿನ ಮಡಕೆಯ ಹಾಗೆ. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತದೆ, ಉಳಿದದ್ದು ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ. ಮೇ ತಿಂಗಳ ದೆಹಲಿಯಲ್ಲಿ 42 ಡಿಗ್ರಿ ಬಿಸಿಲು, ಶೇ 20ರಷ್ಟು ತೇವಾಂಶ ಇದ್ದಾಗ ಒಳ್ಳೆಯ ಕೂಲರ್ ಸುಮಾರು 28 ಡಿಗ್ರಿಯ ಗಾಳಿ ಕೊಡಬಲ್ಲದು. ಅದೇ ಚೆನ್ನೈಯಲ್ಲಿ 36 ಡಿಗ್ರಿ, ಶೇ 65ರಷ್ಟು ತೇವಾಂಶ ಇದ್ದರೆ ಎಷ್ಟೇ ತಿಪ್ಪರಲಾಗ ಹಾಕಿದರೂ 31ಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಜೊತೆಗೆ ಕೋಣೆಯ ತೇವಾಂಶ ಏರಿ ಮೈ ಅಂಟಂಟು.

ಹೀಗಾಗಿ ದೆಹಲಿ, ಪುಣೆ, ಹೈದರಾಬಾದಿನವರಿಗೆ ಒಣ ಬೇಸಿಗೆಯಲ್ಲಿ ಕೂಲರ್ ಒಳ್ಳೆಯ ಆಯ್ಕೆ. ಅದು ತಿನ್ನುವುದು 150ರಿಂದ 200 ವ್ಯಾಟ್ ಅಷ್ಟೇ. ಆದರೆ ಕಿಟಕಿ ತೆರೆದಿರಬೇಕು. ಒಳಗಿನ ತೇವದ ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಹೈದರಾಬಾದ್ ಮನೆಯೂ ಚೆನ್ನೈ ಆಗುತ್ತದೆ. ಮಳೆ ಶುರುವಾದ ಮೇಲೆ ಕೂಲರ್‌ಗೆ ರಜೆ ಕೊಡಿ. ಮುಂಬಯಿ, ಚೆನ್ನೈಯವರಿಗೆ ಫ್ಯಾನ್ ಮತ್ತು ಎಸಿ ಎರಡೇ ದಾರಿ.

ಶಾಖ ಎಲ್ಲಿಂದ ನುಗ್ಗುತ್ತಿದೆ?

ಮಲೆನಾಡಿನ ಹೆಂಚಿನ ಮನೆಗೆ ಉದ್ದನೆಯ ಸೂರು ಇತ್ತು. ಬಿಸಿಲು ಗೋಡೆಗೆ ಬೀಳುತ್ತಿರಲಿಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ಎಷ್ಟು ದಪ್ಪ ಎಂದರೆ ಹೊರಗಿನ ಕಾವು ಒಳಗೆ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅಷ್ಟು ಹೊತ್ತಿಗೆ ನಾವು ಅಂಗಳದಲ್ಲಿ ಮಂಚ ಹಾಕಿ ಮಲಗಿರುತ್ತಿದ್ದೆವು. ನಮ್ಮ ಈಗಿನ ಫ್ಲ್ಯಾಟಿಗೆ ಸೂರೂ ಇಲ್ಲ, ಅಂಗಳವೂ ಇಲ್ಲ. ಇರುವುದು ಕಾಂಕ್ರೀಟ್ ಸ್ಲ್ಯಾಬ್ ಮತ್ತು ದೊಡ್ಡ ಗಾಜಿನ ಕಿಟಕಿ.

ಕೊನೆಯ ಮಹಡಿಯಲ್ಲಿ ಇರುವವರಿಗೆ ಶತ್ರು ತಲೆಯ ಮೇಲೆಯೇ ಇದ್ದಾನೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದಾದರೂ ಕೆಳಗೆ ಕಾವು ಬಿಡುತ್ತಿರುತ್ತದೆ. ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲು ಹಿಂದಕ್ಕಟ್ಟುವ ಬಿಳಿ ಪೇಂಟನ್ನೋ ಹೊಡೆಸಿದರೆ ಒಳಗೆ ಎರಡು ಮೂರು ಡಿಗ್ರಿ ಇಳಿಯಬಹುದು. ಅಹಮದಾಬಾದ್ 2013ರಲ್ಲಿ ಬಿಸಿಗಾಳಿ ಎದುರಿಸಲು ಯೋಜನೆ ರೂಪಿಸಿತು. ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವುದೂ ಅದರ ಭಾಗವಾಯಿತು. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. ತಾರಸಿ ಸೊಸೈಟಿಯದ್ದಾದ್ದರಿಂದ ಒಬ್ಬರೇ ಮಾಡಲಾಗದು. ಕೊನೆಯ ಮಹಡಿಯವರೆಲ್ಲ ಸೇರಿ ಮುಂದಿನ ಮೀಟಿಂಗ್‌ನಲ್ಲಿ ವಿಷಯ ಎತ್ತಿ.

ಎರಡನೇ ಶತ್ರು ಪಶ್ಚಿಮದ ಕಿಟಕಿ. ಇಲ್ಲಿ ಒಂದು ವಿಷಯ ನೆನಪಿಡಿ: ಒಳಗೆ ಎಷ್ಟೇ ದಪ್ಪ ಪರದೆ ಹಾಕಿದರೂ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಪರದೆ ಬಿಸಿಯಾಗಿ ಆ ಶಾಖವನ್ನು ಕೋಣೆಗೇ ಬಿಡುತ್ತದೆ. ನೆರಳು ಗಾಜಿನ ಹೊರಗೆ ಇರಬೇಕು. ಬಾಲ್ಕನಿಗೆ ಬಿದಿರಿನ ತಟ್ಟಿಯನ್ನೋ ಹಸಿರು ಶೇಡ್ ನೆಟ್ಟನ್ನೋ ಕಟ್ಟಿದರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಮನೆ ಬದಲಿಸುವಾಗ ಬಿಚ್ಚಿಕೊಂಡೂ ಹೋಗಬಹುದು. ಬೆಳಗ್ಗೆ ಒಂಬತ್ತರೊಳಗೆ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ತೆರೆಯುವುದಕ್ಕಂತೂ ಬಿಡಿಗಾಸೂ ಬೇಡ.

ಟನ್ನು, ಸ್ಟಾರು ಮತ್ತು ಅಂಗಡಿಯವನ ಲೆಕ್ಕ

'ಒಂದು ಟನ್' ಎಂದರೆ ಎಸಿಯ ತೂಕವಲ್ಲ. ಹಿಂದೆ ಐಸ್ ಇಟ್ಟು ತಂಪು ಮಾಡುತ್ತಿದ್ದ ಕಾಲದ ಮಾತು ಅದು. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಸಾಮರ್ಥ್ಯ, ಅಂದರೆ ಸುಮಾರು 3.5 ಕಿಲೋವ್ಯಾಟ್. ಎಸಿ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊರಗೆ ಹೊತ್ತುಹಾಕುತ್ತದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಹೊರುತ್ತದೆ ಎನ್ನುವುದೇ ಅದರ ದಕ್ಷತೆ. ಸ್ಟಾರ್ ಲೇಬಲ್ ಹೇಳುವುದು ಇದನ್ನೇ.

ಆ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದು ವರ್ಷಕ್ಕೆ 1600 ಗಂಟೆ ಓಡಿಸಿದರೆ ಎಂಬ ಲೆಕ್ಕ. ರಾತ್ರಿ ಎಂಟು ಗಂಟೆಯಂತೆ 200 ದಿನ. ಈಗ ಗುಣಾಕಾರ ಮಾಡೋಣ. ಫೈವ್ ಸ್ಟಾರ್ ಮತ್ತು ತ್ರೀ ಸ್ಟಾರ್ ನಡುವೆ 220 ಯೂನಿಟ್ ವ್ಯತ್ಯಾಸ, ಯೂನಿಟ್ಟಿಗೆ 8 ರೂಪಾಯಿ, ಬೆಲೆಯಲ್ಲಿ 9000 ರೂಪಾಯಿ ಅಂತರ ಎಂದಿಟ್ಟುಕೊಳ್ಳಿ. ಚೆನ್ನೈಯವರು ವರ್ಷಕ್ಕೆ 200 ದಿನ ಓಡಿಸಿದರೆ ಉಳಿಯುವುದು 1760 ರೂಪಾಯಿ. ಐದು ವರ್ಷಕ್ಕೆ ಹೆಚ್ಚುವರಿ ಹಣ ವಾಪಸ್. ಪುಣೆಯವರು ಎರಡೇ ತಿಂಗಳು ಹಾಕಿದರೆ ವರ್ಷಕ್ಕೆ 528 ರೂಪಾಯಿ. ಹಣ ಹಿಂದಿರುಗಲು 17 ವರ್ಷ. ಅಷ್ಟರಲ್ಲಿ ಎಸಿಯೇ ಗುಜರಿಗೆ ಹೋಗಿರುತ್ತದೆ. ಹಾಗಾಗಿ ಎಲ್ಲರಿಗೂ ಫೈವ್ ಸ್ಟಾರ್ ಬೇಕಿಲ್ಲ. ಲೇಬಲ್ ಮೇಲಿನ ವರ್ಷವನ್ನೂ ನೋಡಿ. ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಹಳೆಯ ಫೈವ್ ಸ್ಟಾರ್ ಇಂದಿನ ಫೈವ್ ಸ್ಟಾರ್ ಅಲ್ಲ.

ಎಸಿಗಿಂತ ಖಚಿತ ಲಾಭ ಇರುವುದು ಫ್ಯಾನಿನಲ್ಲಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಒಂದು ಫ್ಯಾನಿನಲ್ಲಿ 20 ಯೂನಿಟ್, ಮೂರು ಫ್ಯಾನಿಗೆ 60 ಯೂನಿಟ್ ಉಳಿತಾಯ. ಮೂರು ಸಾವಿರ ಕೊಟ್ಟರೂ ಒಂದೂವರೆ, ಎರಡು ವರ್ಷದಲ್ಲಿ ಹುಟ್ಟುತ್ತದೆ.

ರಿಮೋಟ್ ಕೈಗೆತ್ತಿಕೊಂಡಾಗ

16ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂಬ ನಂಬಿಕೆ ಎಲ್ಲರ ಮನೆಯಲ್ಲೂ ಇದೆ. ಹೊರಗಿಂದ ಬಂದು 24ಕ್ಕೆ ಇಟ್ಟರೂ ಕಂಪ್ರೆಸರ್ ಓಡುವುದು ಹೆಚ್ಚುಕಡಿಮೆ ಅದೇ ರಭಸದಲ್ಲಿ. 16 ಎಂದರೆ 'ಎಲ್ಲಿಯವರೆಗೆ ಓಡಬೇಕು' ಎಂಬ ಆಜ್ಞೆಯೇ ಹೊರತು 'ಎಷ್ಟು ವೇಗ' ಎಂಬುದಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುವುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುವ ಮಾತು. 2020ರಿಂದ ಹೊಸ ಎಸಿಗಳು ಆನ್ ಆದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಬಂದಿರುವುದೂ ಇದಕ್ಕೇ. 26ಕ್ಕೆ ಇಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಿಸಿ ನೋಡಿ, ಹೊದಿಕೆ ಬೇಕೆನ್ನಿಸುತ್ತದೆ. ಮುಂಬಯಿಯ ಮಳೆಗಾಲದ ಜಿಗುಟು ಸೆಕೆಗೆ ಡ್ರೈ ಮೋಡ್ ಸಾಕಾಗುತ್ತದೆ.

ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆಯಿರಿ. ಧೂಳು ಕಟ್ಟಿದ ಎಸಿ ಹೆಚ್ಚು ಹೊತ್ತು ಓಡಿ ಕಡಿಮೆ ತಂಪು ಕೊಡುತ್ತದೆ.

ಇನ್ನು 'ಗ್ಯಾಸ್ ಖಾಲಿಯಾಗಿದೆ ಸಾರ್' ಎಂಬ ಪ್ರತಿ ಬೇಸಿಗೆಯ ಹಾಡು. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. "ಮೊದಲು ಲೀಕ್ ಎಲ್ಲಿದೆ ತೋರಿಸಿ, ಅದನ್ನು ಸರಿ ಮಾಡಿ ಗ್ಯಾಸ್ ಹಾಕಿ" ಎಂದು ಕೇಳಿ. ಇಷ್ಟು ಕೇಳಿದರೆ ಕೆಲವೊಮ್ಮೆ ಬರೀ ಸರ್ವಿಸ್‌ನಲ್ಲೇ ಎಸಿ ಸರಿಹೋಗುವ ಪವಾಡ ನಡೆಯುತ್ತದೆ.

ಕೊನೆಯ ಯೂನಿಟ್ಟಿನ ಬೆಲೆ

ಬಿಲ್ಲನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ ಸರಾಸರಿ ನೋಡಬೇಡಿ. ಎಸಿ ಓಡುವುದು ಕೊನೆಯ, ದುಬಾರಿ ಸ್ಲ್ಯಾಬಿನಲ್ಲಿ. ದೆಹಲಿಯಲ್ಲಿ 2019ರಲ್ಲಿ ಬಂದ ಸಬ್ಸಿಡಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಇಲ್ಲ, 400ರವರೆಗೆ ಗರಿಷ್ಠ 800 ರೂಪಾಯಿ ರಿಯಾಯಿತಿ, ಅದು ದಾಟಿದರೆ ಏನೂ ಇಲ್ಲ. ಅಂದರೆ 401ನೇ ಯೂನಿಟ್ಟಿನ ನಿಜವಾದ ಬೆಲೆ ಎಂಟುನೂರು ರೂಪಾಯಿ ಚಿಲ್ಲರೆ! ಚೆನ್ನೈಯಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ. ಮೊದಲ 100 ಯೂನಿಟ್ ಉಚಿತ, ಆದರೆ 500 ದಾಟಿದೊಡನೆ ಕೆಳಗಿನ ಸ್ಲ್ಯಾಬಿನ ದರವೂ ಬದಲಾಗುತ್ತದೆ. ಮುಂಬಯಿ, ಪುಣೆಯಲ್ಲಿ 100, 300, 500 ಯೂನಿಟ್ಟುಗಳ ಮೆಟ್ಟಿಲು. ನಿಮ್ಮ ಮೆಟ್ಟಿಲು ಯಾವುದು ಎಂದು ಬಿಲ್ಲಿನ ಹಿಂಬದಿಯಲ್ಲಿ ನೋಡಿಕೊಳ್ಳಿ. ತಿಂಗಳ 20ನೇ ತಾರೀಕಿಗೊಮ್ಮೆ ಮೀಟರ್ ಓದುವ ಅಭ್ಯಾಸವಿದ್ದರೆ ಮೆಟ್ಟಿಲು ಹತ್ತುವ ಮೊದಲೇ ಬ್ರೇಕ್ ಹಾಕಬಹುದು.

ಚಳಿಗಾಲದ ಲೆಕ್ಕ ಚಿಕ್ಕದು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಕಾಯಿಸಲು 0.7 ಯೂನಿಟ್ ಬೇಕು. 2000 ವ್ಯಾಟ್ ಗೀಸರ್‌ಗೆ ಇಪ್ಪತ್ತು ಚಿಲ್ಲರೆ ನಿಮಿಷದ ಕೆಲಸ. ಬಚ್ಚಲ ಹಂಡೆಯಂತೆ ದಿನವಿಡೀ ಕಾದಿರಬೇಕಿಲ್ಲ. ದೆಹಲಿಯವರ 2000 ವ್ಯಾಟ್ ರೂಮ್ ಹೀಟರ್ ಐದು ಗಂಟೆಗೆ 10 ಯೂನಿಟ್ ನುಂಗುತ್ತದೆ. ಆಯಿಲ್ ಹೀಟರ್ ಆದರೂ ಬ್ಲೋವರ್ ಆದರೂ ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ. ಹಾಟ್ ಅಂಡ್ ಕೋಲ್ಡ್ ಎಸಿ ಹೊರಗಿನ ಶಾಖವನ್ನು ಒಳಗೆ ಹೊರುವುದರಿಂದ ಅಷ್ಟೇ ಬೆಚ್ಚಗೆ ಮೂರನೇ ಒಂದು ಭಾಗ ಕರೆಂಟಿನಲ್ಲಿ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಮಾತ್ರ ಬೇಡವೇ ಬೇಡ. ಅದರಿಂದ ಏಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಅಪ್ಪ-ಅಮ್ಮ ಬಂದಾಗ

ಕೊನೆಯದಾಗಿ, ಇಷ್ಟು ಹೊತ್ತು ಹೇಳಿದ್ದಕ್ಕೆ ವಿರುದ್ಧವೆನಿಸುವ ಮಾತು. ಊರಲ್ಲಿ ಗೃಹಜ್ಯೋತಿಯಿಂದ ಸೊನ್ನೆ ಬಿಲ್ ನೋಡಿ ಅಭ್ಯಾಸವಾದ ಹಿರಿಯರು ಬೇಸಿಗೆ ರಜೆಗೆ ಮೊಮ್ಮಕ್ಕಳ ಜೊತೆ ಇರಲು ಬರುತ್ತಾರೆ. ಮಗನ ಮನೆಯ ಆರು ಸಾವಿರದ ಬಿಲ್ ಕಂಡು ಬೆಚ್ಚುತ್ತಾರೆ. ನಾವು ಆಫೀಸಿಗೆ ಹೊರಟ ಕೂಡಲೇ ಎಸಿ ಆಫ್. "ನಮಗೇನು ಸೆಕೆ ಆಗಲ್ಲಪ್ಪ" ಎನ್ನುತ್ತಾರೆ. ಆಗುವುದಿಲ್ಲ ಎನ್ನುವುದೇ ಅಪಾಯ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು, ಬೆವರುವುದು ಎರಡೂ ಕಡಿಮೆ. ಬಿಪಿಯ ಕೆಲವು ಮಾತ್ರೆಗಳು ದೇಹದ ನೀರಿನಂಶವನ್ನೂ ಇಳಿಸುತ್ತವೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ದೇಹವನ್ನು ತಂಪು ಮಾಡುವ ಬದಲು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ.

ಹಿರಿಯರಿಗೆ ಬಿಲ್ ತೋರಿಸಬೇಡಿ, ಲೆಕ್ಕ ತೋರಿಸಿ. ಮಧ್ಯಾಹ್ನ 12ರಿಂದ 4ರವರೆಗೆ ಒಂದೇ ಕೋಣೆ, 27 ಡಿಗ್ರಿ, ಜೊತೆಗೆ ಫ್ಯಾನ್. ಗಂಟೆಗೆ ಒಂದು ಯೂನಿಟ್ ಎಂದು ಹಿಡಿದರೂ ದಿನಕ್ಕೆ 32 ರೂಪಾಯಿ. ಹೋಟೆಲಿನ ಒಂದು ಪ್ಲೇಟ್ ಇಡ್ಲಿಗಿಂತ ಕಡಿಮೆ ಎಂದು ಹೇಳಿದರೆ ಅವರಿಗೆ ಒಪ್ಪಿಗೆಯಾಗುತ್ತದೆ. ತಾರಸಿ, ಕಿಟಕಿ, ಫ್ಯಾನು, ಫಿಲ್ಟರಿನಲ್ಲಿ ತಿಂಗಳಿಗೆ ಐನೂರು, ಸಾವಿರ ಉಳಿಸಿ. ಆ ದುಡ್ಡು ಖರ್ಚಾಗಬೇಕಾದ ಜಾಗ ಈ ನಾಲ್ಕು ಗಂಟೆ.