ಓಟು ಹಾಕಿದ ಮ್ಯಾಲ ಮುಂದೇನು?



ಪ್ರಜಾಪ್ರಭುತ್ವ ಅಂದರೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ‘ಪ್ರಜೆಗಳೇ ಪ್ರಭುಗಳು’ ಎಂದು ಬರೆದು ನಾವು ಅಂಕ ತಗೋತೀವಿ. ಆದರ ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರ ಆ ಪ್ರಭುಗಳ ಕೆಲಸ ಮುಗೀತೇನು? ಇಲ್ಲ. ಅಸಲಿ ಕೆಲಸ ಆಮ್ಯಾಲ ಸುರು ಆಗತೈತಿ. ಅದು ಹೆಂಗಂತ ತಿಳಿಯೋಣ.

ಈ ವಿಷಯದಲ್ಲಿ ನಮ್ಮ ರಾಜ್ಯ ಮುಂದಿತ್ತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರ ಹೊಸ ಪಂಚಾಯ್ತಿ ಕಾಯ್ದೆ ರೂಪಿಸಿತು. ಅದಕ್ಕಾಗಿ ದುಡಿದವರು ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಗಳಿಗೆ ಬೋರ್ ಹೊಡೆಸಿದ್ದಕ್ಕೆ ಮಂದಿ ಅವರನ್ನು ‘ನೀರ್ ಸಾಬ್’ ಎಂದು ಕರೆದರು. 1987ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆದಾಗ ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿದ್ದವು. ಮುಂದೆ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು.

ಊರಿನ ಮತದಾರರೆಲ್ಲ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕು ಅಂತ ಕಾಯ್ದೆ ಹೇಳತೈತಿ. ಅಲ್ಲಿ ಎದ್ದು ನಿಂತು ‘ನಮ್ಮ ಓಣಿಗೆ ನೀರಿಲ್ರಿ’ ಅಂದರ ‘ನೋಡೋಣು, ಕುಂದರ್ರಿ’ ಅಂತ ಉತ್ತರ ಬರಬಹುದು. ಅದೇ ‘ನಮ್ಮ ಓಣ್ಯಾಗ ನಲವತ್ತು ಮನಿ, ಎರಡು ನಳ. ಹದಿನೈದು ದಿನದಾಗ ಆರು ದಿನ ನೀರು ಬಂದೈತಿ, ಇಲ್ಲಿ ಬರಕೊಂಡೀವಿ’ ಅಂದರ? ಆಗ ಸುಮ್ಮನೆ ಕುಂದರಸೋದು ಕಷ್ಟ. ಕೇಳಿ, ಎಣಿಸಿ, ಬರೆದಿಡುವುದು, ಇದೇ ಸಂಶೋಧನೆ.

ಇದು ದೊಡ್ಡವರ ಕೆಲಸ ಅನ್ನಬ್ಯಾಡ್ರಿ. ಕುಂದಾಪುರ ತಾಲೂಕಿನ ಮಕ್ಕಳು ಮಾಡಿ ತೋರಿಸ್ಯಾರ. 1990ರ ದಶಕದಲ್ಲಿ ಅಲ್ಲಿಯ ಕೆರಾಡಿಯಂಥ ಊರುಗಳಲ್ಲಿ ‘ಮಕ್ಕಳ ಪಂಚಾಯತ್’ ಹುಟ್ಟಿದವು. ದುಡಿಯುವ ಮಕ್ಕಳದೇ ಆದ ಭೀಮ ಸಂಘ, ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸಂಸ್ಥೆ ಜೊತೆಗಿದ್ದವು. ಹತ್ತನೇ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ (2002–07) ತಾಲೂಕಿನ 56 ಪಂಚಾಯ್ತಿಗಳಲ್ಲಿ ಮಕ್ಕಳು ಮಾಹಿತಿ ಕೂಡಿಸಿ, ತಮ್ಮೂರಿನ ಯೋಜನೆ ತಯಾರಿಸಿದರು. ಶಾಲೆಯ ದಾರಿ, ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಇವೆಲ್ಲ ದಿನಾ ನಡೆಯುವ ಮಕ್ಕಳಿಗೇ ಚೆನ್ನಾಗಿ ಗೊತ್ತು.

ದೂರದ ಆಫ್ರಿಕಾದಾಗೂ ಇಂಥದೇ ದಾರಿ ಹಿಡಿದಾರ. 1990ರ ನಂತರ ಅಲ್ಲಿಯ ಅನೇಕ ದೇಶಗಳಲ್ಲಿ ಒಂದೇ ಪಕ್ಷದ ಅಥವಾ ಸೈನ್ಯದ ಆಳ್ವಿಕೆ ಹೋಗಿ ಚುನಾವಣೆಗಳು ಬಂದವು. ದಕ್ಷಿಣ ಆಫ್ರಿಕಾದಲ್ಲಿ ಎಲ್ಲ ವರ್ಣದವರೂ ಕೂಡಿ ಮೊದಲ ಸಲ ಓಟು ಹಾಕಿದ್ದು 1994ರಲ್ಲಿ. ಓಟು ಬಂತು, ಜನರಿಗೆ ಏನನಿಸತೈತಿ? ಇದನ್ನು ತಿಳಿಯಲು 1999ರಲ್ಲಿ ಘಾನಾ, ದಕ್ಷಿಣ ಆಫ್ರಿಕಾ, ಅಮೆರಿಕದ ಸಂಶೋಧಕರು ಕೂಡಿ ‘ಆಫ್ರೋಬ್ಯಾರೋಮೀಟರ್’ ಸುರು ಮಾಡಿದರು. ಬ್ಯಾರೋಮೀಟರ್ ಗಾಳಿಯ ಒತ್ತಡ ಅಳೆದರೆ ಇದು ಜನರ ಮನಸ್ಸು ಅಳೆಯುತ್ತದೆ. ಮೊದಲು 12 ದೇಶ ಇದ್ದದ್ದು ಈಗ 30ಕ್ಕೂ ಹೆಚ್ಚು. ಒಂದೊಂದು ದೇಶದಲ್ಲಿ 1,200 ಅಥವಾ 2,400 ಮಂದಿಯನ್ನು, ಎದುರಿಗೆ ಕೂತು, ಅವರ ಭಾಷೆಯಲ್ಲೇ ಕೇಳುತ್ತಾರೆ. 2024ರ ವರದಿಯಂತೆ ನೂರಕ್ಕೆ 66 ಮಂದಿ ಪ್ರಜಾಪ್ರಭುತ್ವವೇ ಬೇಕೆಂದರು. ಅದು ನಡೆಯುವ ರೀತಿ ತೃಪ್ತಿ ತಂದಿದೆ ಎಂದವರು 37 ಮಂದಿ ಮಾತ್ರ. ಅಂದರ ಓಟು ಬ್ಯಾಡ ಅನ್ನೋದಿಲ್ಲ, ಲೆಕ್ಕ ಕೇಳತಾರ.

ತಂಬೂರಿನ ನಾವೇನು ಮಾಡಬಹುದು? ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರಕಾರದ ಸೂಚನೆ ಐತಿ. ಬರಿಗೈಲೆ ಹೋಗೋದು ಬ್ಯಾಡ. ಓಣಿಗೆ ಇಬ್ಬರಂತೆ ನೋಟುಬುಕ್ಕು ಹಿಡಿಯೋಣ. ಎಷ್ಟು ಕಂಬದ ದೀಪ ಹತ್ತತಾವ? ಬಸ್ಸು ಎಷ್ಟಕ್ಕ ಬಂತು? ಏಳನೇ ಇಯತ್ತೆ ಮುಗಿಸಿ ಮುಂದ ಓದದೆ ಮನಿಯಾಗ ಉಳಿದ ಹುಡುಗ್ಯಾರು ಎಷ್ಟು ಮಂದಿ? ಈ ಕೊನೆಯ ಲೆಕ್ಕ ನಮಗಿಂತ ಚಲೋ ಯಾರಿಗೆ ಗೊತ್ತು? ಅವರು ನಮ್ಮ ಬಾಜೂಕ ಕುಂತು ಕಲಿತವರು. ಹೆಸರು ಬರೆಯೋದು ಬ್ಯಾಡ, ಸಂಖ್ಯೆ ಮತ್ತು ಕಾರಣ ಸಾಕು. ಗುರುಗಳು ನಮ್ಮ ಲೆಕ್ಕ ತಪಾಸಣೆ ಮಾಡಿಕೊಡಲಿ.

ಸಭೆಯಲ್ಲಿ ಅದನ್ನು ಓದೋಣ. ಮುಂದಿನ ಸಭೆಗೆ ಅದೇ ಪುಸ್ತಕ ತಗೊಂಡು ಹೋಗಿ ‘ಏನಾತ್ರಿ?’ ಅಂತ ಮತ್ತ ಕೇಳೋಣ.