ಎಬಿಎಸ್ ದೀಪ ಆರುತ್ತಿಲ್ಲ. ವೀಲ್ ಸ್ಪೀಡ್ ಸೆನ್ಸರ್ ಬದಲಿಸಲೇಬೇಕೇ?

ಅವಸರ ಬೇಡ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಹಾಕಿಸಿ, ಕಾರು ನಿಧಾನವಾಗಿ ಓಡುವಾಗ ನಾಲ್ಕೂ ಚಕ್ರಗಳ ವೇಗ ನೋಡಿ. ಮೂರು 20 ಕಿ.ಮೀ. ಎನ್ನುವಾಗ ಒಂದು ಸೊನ್ನೆ ತೋರಿದರೆ ಕಳ್ಳ ಸಿಕ್ಕಂತೆ. ಆದರೂ ಸೆನ್ಸರನ್ನೇ ದೂರಬೇಡಿ. ಸ್ಟೀರಿಂಗ್ ತಿರುಗಿದಾಗೆಲ್ಲ ಬಾಗುವ ವೈರು ಒಳಗೇ ತುಂಡಾಗಿರಬಹುದು, ಕನೆಕ್ಟರಿಗೆ ನೀರಿಳಿದು ಕಿಲುಬು ಹಿಡಿದಿರಬಹುದು. ಈಚೆಗೆ ಬೇರಿಂಗ್ ಬದಲಿಸಿದ್ದೀರಾ? ಎಷ್ಟೋ ಕಾರುಗಳಲ್ಲಿ ಸೆನ್ಸರ್ ಓದುವ ಕಾಂತೀಯ ಉಂಗುರ ಬೇರಿಂಗಿನ ಸೀಲಿನಲ್ಲೇ ಇರುತ್ತದೆ. ಬೇರಿಂಗನ್ನು ತಿರುವುಮುರುವಾಗಿ ಕೂರಿಸಿದರೆ ಹೊಸ ಸೆನ್ಸರೂ ಮೂಕ!

ಸೆನ್ಸರ್ ಬದಲಿಸುವುದು ಸಾಮಾನ್ಯವಾಗಿ ಒಂದೇ ಬೋಲ್ಟಿನ ಕೆಲಸ. ತುಕ್ಕಿಗೆ ಕಚ್ಚಿಕೊಂಡದ್ದನ್ನು ಬಿಡಿಸುವುದೇ ಪಾಡು. ಕೂರುವ ಜಾಗದ ತುಕ್ಕು ಕೆರೆಯದಿದ್ದರೆ ಉಂಗುರದಿಂದ ಸೆನ್ಸರಿನ ಅಂತರ ಹೆಚ್ಚಿ ದೀಪ ಮತ್ತೆ ಹೊತ್ತೀತು. ರಿಪೇರಿಯಾಗುವವರೆಗೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು.