ಆಕ್ಸಿಜನ್ ಮೀಟರ್ ನೋಡುವವರು ಯಾರು?

ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ಮೂಗಿನ ಕೊಳವೆಯಲ್ಲಿ ರಭಸದಿಂದ ಗಾಳಿ ಹಾಯಿಸುವ ಹೈ ಫ್ಲೋ ಯಂತ್ರವನ್ನು ನಿಮಿಷಕ್ಕೆ 60 ಲೀಟರ್‌ನಂತೆ ಪೂರ್ಣ ಆಮ್ಲಜನಕಕ್ಕೆ ಇಟ್ಟರೆ, ಆ ಸಿಲಿಂಡರ್ ಒಬ್ಬ ರೋಗಿಗೆ ಎರಡು ಗಂಟೆಯೂ ಬರುವುದಿಲ್ಲ. ಶಾಲೆಯ ಹುಡುಗನೂ ಮಾಡಬಹುದಾದ ಭಾಗಾಕಾರ ಇದು. ಆದರೂ 2021ರ ಕೋವಿಡ್ ಎರಡನೇ ಅಲೆಯವರೆಗೆ ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಇದನ್ನು ಮಾಡುವುದು ಯಾರ ಕೆಲಸವೂ ಆಗಿರಲಿಲ್ಲ. ಡಾಕ್ಟರು ಕೇಸ್‌ಶೀಟಿನಲ್ಲಿ ‘ಆಕ್ಸಿಜನ್ ಕೊಡಿ’ ಎಂದು ಬರೆಯುತ್ತಿದ್ದರು. ಸ್ಟೋರಿನವರು ತುಂಬಿದ ಸಿಲಿಂಡರ್ ಎಷ್ಟು, ಖಾಲಿ ಎಷ್ಟು ಎಂದು ಎಣಿಸುತ್ತಿದ್ದರು. ನಡುವೆ ಹಾಸಿಗೆಯ ಪಕ್ಕದಲ್ಲಿ ಎಷ್ಟು ಹರಿಯಿತು, ಎಷ್ಟು ಪೋಲಾಯಿತು ಎಂದು ಕೇಳುವವರಿರಲಿಲ್ಲ.

ಇದಕ್ಕೆ ಒಂದು ಅಪವಾದ, ಗುಜರಾತ್ ಗಡಿಗೆ ಅಂಟಿಕೊಂಡ ಮಹಾರಾಷ್ಟ್ರದ ನಂದೂರಬಾರ್. ಅದು ಆದಿವಾಸಿಗಳೇ ಹೆಚ್ಚಿರುವ ಜಿಲ್ಲೆ. ಆಗ ಅಲ್ಲಿನ ಜಿಲ್ಲಾಧಿಕಾರಿಯಾಗಿದ್ದ ರಾಜೇಂದ್ರ ಭಾರೂಡ್ ಸ್ವತಃ ವೈದ್ಯಕೀಯ ಓದಿದವರು. ಮೊದಲ ಅಲೆ ಇಳಿದಾಗ ಉಳಿದವರು ನಿಟ್ಟುಸಿರು ಬಿಟ್ಟು ಕೂತರೆ, ಅವರು ಆಮ್ಲಜನಕ ಘಟಕಗಳನ್ನು ಹಾಕಿಸಿದರು. ಪತ್ರಿಕೆಗಳು ಕೊಂಡಾಡಿದ್ದು ಈ ಘಟಕಗಳನ್ನೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅಷ್ಟೇನೂ ಖರ್ಚಿಲ್ಲದ ಇನ್ನೊಂದು ಏರ್ಪಾಡು. ಸುಮಾರು ಇಪ್ಪತ್ತು ರೋಗಿಗಳಿಗೆ ಒಬ್ಬರಂತೆ ‘ಆಕ್ಸಿಜನ್ ನರ್ಸ್’ ನೇಮಿಸಿದರು. ಇವರ ಕೆಲಸ ಒಂದೇ: ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಯ ಬೆರಳಿನ ಆಕ್ಸಿಮೀಟರ್ ನೋಡುವುದು, ಗೋಡೆಯ ಫ್ಲೋಮೀಟರ್ ನೋಡುವುದು, ಎರಡಕ್ಕೂ ತಾಳೆ ಹಾಕುವುದು. ಕೋವಿಡ್ ರೋಗಿಗೆ ಆಕ್ಸಿಮೀಟರ್‌ನಲ್ಲಿ ಸಾಮಾನ್ಯವಾಗಿ 92ರಿಂದ 96 ಇದ್ದರೆ ಸಾಕು. 99 ತೋರಿಸುತ್ತಿದ್ದರೆ ಗುಂಡಿ ತಿರುಗಿಸಿ ಇಳಿಸಬಹುದು. ಊಟಕ್ಕೋ ಶೌಚಕ್ಕೋ ಮಾಸ್ಕ್ ತೆಗೆದಾಗ ಸುಮ್ಮನೆ ಹರಿಯುತ್ತಿರುವುದನ್ನು ನಿಲ್ಲಿಸಬಹುದು. ಮುಂದೆ ಕೇಂದ್ರ ಸರ್ಕಾರವೇ ಈ ಮಾದರಿಯನ್ನು ಬೇರೆಯವರಿಗೆ ತೋರಿಸಿತು.

ಕೇಳಲು ಸಣ್ಣ ಸಂಗತಿ. ಆದರೆ ಆಸ್ಪತ್ರೆಯ ಒಳಗನ್ನು ಬಲ್ಲವರಿಗೆ ಇದರ ತೂಕ ಗೊತ್ತು. ರೌಂಡ್ಸ್ ಬರುವಾಗ ಮುಂದೆ ದೊಡ್ಡ ಡಾಕ್ಟರು, ಹಿಂದೆ ಪಿ.ಜಿ.ಗಳು, ಅವರ ಹಿಂದೆ ಕೇಸ್‌ಶೀಟ್ ಹಿಡಿದ ಸಿಸ್ಟರ್. ಮಾತು ಆ ಸಾಲಿನ ತಲೆಯಿಂದ ಬಾಲಕ್ಕೆ ಇಳಿಯುತ್ತದೆ, ಬಾಲದಿಂದ ತಲೆಗೆ ಏರುವುದು ಅಪರೂಪ. ಅಂಥ ಕಡೆ ಫ್ಲೋ ಇಳಿಸುವ ಅಧಿಕಾರವನ್ನು ಸಿಸ್ಟರ್ ಕೈಗೆ ಕೊಡುವುದೆಂದರೆ, ನಂಬಿಕೆಯ ಜಾಗವನ್ನೇ ಬದಲಿಸಿದಂತೆ.

ಸಾಂಕ್ರಾಮಿಕ ಈ ಸಾಲನ್ನು ಎಲ್ಲೆಡೆಯೂ ಕದಡಿತು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ವರದಿಯಾಯಿತು. ಅದೇ ತಿಂಗಳು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್‌ಗೆ ಮೀಸಲಿಡಲು ತೀರ್ಮಾನಿಸಿ, ಅಲ್ಲಿದ್ದ ಬೇರೆ ರೋಗಿಗಳನ್ನು ಸಾಗಿಸತೊಡಗಿದರು. ಶತಮಾನ ದಾಟಿದ ಆಸ್ಪತ್ರೆಯೊಂದು ಕೆಲವೇ ವಾರಗಳಲ್ಲಿ ತನ್ನ ಕಸುಬನ್ನೇ ಬದಲಿಸಬೇಕಾಯಿತು. ಎಲ್ಲ ಕಡೆ ಚರ್ಮದ ಡಾಕ್ಟರು, ಕಣ್ಣಿನ ಡಾಕ್ಟರು, ಮೂಳೆ ಡಾಕ್ಟರು ಕೋವಿಡ್ ವಾರ್ಡಿಗೆ ಬಂದರು. ವೆಂಟಿಲೇಟರ್ ಬಲ್ಲ ಅರಿವಳಿಕೆ ತಜ್ಞರ ಮುಂದೆ, ವಯಸ್ಸಿನಲ್ಲಿ ಹಿರಿಯರು ನಿಂತು ಕಲಿತರು. ಪಿಪಿಇ ಕಿಟ್ ತೊಟ್ಟು ಗಂಟೆಗಟ್ಟಲೆ ನೀರು ಕುಡಿಯದೆ ಒಳಗಿದ್ದವರು ಸಿಸ್ಟರ್‌ಗಳು, ಕಿರಿಯ ಡಾಕ್ಟರುಗಳು, ಗ್ರೂಪ್ ಡಿ ನೌಕರರು. ಒಳಗಿನ ಕಾಗದ ಹೊರಗೆ ಬರುವಂತಿರಲಿಲ್ಲವಾದ್ದರಿಂದ ಕೇಸ್‌ಶೀಟಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಕರ್ನಾಟಕದಲ್ಲಿ ತಜ್ಞರು ವಿಡಿಯೊ ಮೂಲಕವೇ ಜಿಲ್ಲೆಗಳ ಐಸಿಯುಗಳಿಗೆ ರೌಂಡ್ಸ್ ಹಾಕಿದರು. ಇದಾವುದೂ ಸುತ್ತೋಲೆಯ ಬಲದಿಂದ ಮಾತ್ರ ಆದದ್ದಲ್ಲ. ಸುತ್ತೋಲೆಗಳು ಒಂದರ ಮೇಲೊಂದು ಬರುತ್ತಲೇ ಇದ್ದವು. ಕೆಲವೊಮ್ಮೆ ಬೆಳಗಿನದನ್ನು ಸಂಜೆಯದು ರದ್ದು ಮಾಡುತ್ತಿತ್ತು ಎಂದು ಗೊಣಗದ ಸರ್ಕಾರಿ ಡಾಕ್ಟರು ಸಿಗುವುದು ಕಷ್ಟ.

ಇಂಥ ಬದಲಾವಣೆ ಆಸ್ಪತ್ರೆಯ ಬಾಗಿಲಲ್ಲೇ ನಿಂತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚಾಮರಾಜನಗರವಿದೆ. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಕಾಣಿಸಿತು. ಬೆಳಗಾಗುವ ಹೊತ್ತಿಗೆ 24 ಸಾವು ಎಂಬ ಸುದ್ದಿ ನಾಡನ್ನು ನಡುಗಿಸಿತು. ಸಿಲಿಂಡರ್‌ಗಳಿಗೆ ಆ ಆಸ್ಪತ್ರೆ ಮೈಸೂರಿನ ದಾರಿ ಕಾಯಬೇಕಿತ್ತು. ಎರಡು ಜಿಲ್ಲೆಗಳ ಆಡಳಿತದ ನಡುವೆ ಯಾರು ತಡೆದರು, ಯಾರು ಕಳಿಸಲಿಲ್ಲ ಎಂಬ ಜಗಳ ನಡೆಯಿತು, ಸರ್ಕಾರ ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ಆಯೋಗ ನೇಮಿಸಿತು. ನನ್ನ ಪ್ರಶ್ನೆ ಬೇರೆ. ಇಂಥ ರಾತ್ರಿಯಲ್ಲಿ ಮೀಟರಿನ ಮುಳ್ಳು ಇಳಿಯುವುದನ್ನು ಮೊದಲು ಕಾಣುವುದು ಪಾಳಿಯಲ್ಲಿರುವ ಸಿಸ್ಟರ್. ಆಕೆ ನೇರವಾಗಿ ಫೋನ್ ಮಾಡಬಹುದಾದ, ಕರೆ ಬಂದೊಡನೆ ಲಾರಿ ಹೊರಡಿಸಬಲ್ಲ ಒಬ್ಬ ಅಧಿಕಾರಿ ನಮ್ಮ ಎಷ್ಟು ಜಿಲ್ಲೆಗಳಲ್ಲಿ ಇದ್ದಾರೆ?

ಆಮೇಲೆ ಯಂತ್ರಗಳೇನೋ ಬಂದವು. ಪಿಎಂ ಕೇರ್ಸ್ ನಿಧಿಯಿಂದ ದೇಶದಾದ್ಯಂತ 1,200ಕ್ಕೂ ಹೆಚ್ಚು ಆಮ್ಲಜನಕ ಘಟಕಗಳಿಗೆ ಹಣ ಸಿಕ್ಕಿತು. ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಈ ಯಂತ್ರಗಳಿಗೆ ಕರೆಂಟು ಬೇಕು, ಹೊತ್ತಿಗೆ ಸರಿಯಾಗಿ ಫಿಲ್ಟರ್ ಬದಲಿಸಬೇಕು, ನಡೆಸಲು ಕೆಲಸ ಬಲ್ಲ ಟೆಕ್ನಿಷಿಯನ್ ಬೇಕು. ಉದ್ಘಾಟನೆಯ ಫಲಕಕ್ಕೆ ಸಿಕ್ಕ ಗಮನ ಆ ಟೆಕ್ನಿಷಿಯನ್ ಹುದ್ದೆಗೆ ಸಿಗಲಿಲ್ಲ. ಕೋವಿಡ್ ಕಾಲಕ್ಕೆಂದು ಗುತ್ತಿಗೆಯ ಮೇಲೆ ತೆಗೆದುಕೊಂಡ ಎಷ್ಟೋ ನರ್ಸ್‌ಗಳನ್ನು ಅಲೆ ಇಳಿದ ಮೇಲೆ ಮನೆಗೆ ಕಳಿಸಲಾಯಿತು. ಕಲಿತ ವಿದ್ಯೆಯೂ ಅವರ ಜೊತೆಗೇ ಹೋಯಿತು. ನನ್ನ ಮಟ್ಟಿಗೆ ಇದು ಸಿಬ್ಬಂದಿ ಕಡಿತವಲ್ಲ, ಶುದ್ಧ ಅವಿವೇಕ.

ಸರ್ಕಾರಿ ಆಸ್ಪತ್ರೆಗಳ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಶಾಸಕರಿದ್ದಾರೆ, ಊರಿನ ಹಿರಿಯರೂ ಇದ್ದಾರೆ. ನಿಮಗೆ ಪರಿಚಯದವರು ಯಾರಾದರೂ ಅದರಲ್ಲಿದ್ದರೆ ಮುಂದಿನ ಸಭೆಯಲ್ಲಿ ಈ ಮೂರು ಮಾತು ಕೇಳಲು ಹೇಳಿ: ನಮ್ಮ ಆಮ್ಲಜನಕ ಘಟಕ ಕೊನೆಯ ಸಲ ಓಡಿದ್ದು ಯಾವಾಗ, ರಾತ್ರಿ ಪಾಳಿಯಲ್ಲಿ ಮೀಟರ್ ನೋಡುವವರು ಯಾರು, ಅವರು ಫೋನ್ ಮಾಡಿದರೆ ಎತ್ತುವವರು ಯಾರು.